ಥರ್ಮಾಕೋಲ್ ಈರಣ್ಣನ ವಿಮಾನ

ಪುಣೆಯ ಬಿಬವೇವಾಡಿ ಬಾಜಾರಿನಲ್ಲಿ ಈರಣ್ಣನ ಅಂಗಡಿ ಹುಡುಕುವವರು ಯಾರನ್ನೂ ಕೇಳಬೇಕಾಗಿರಲಿಲ್ಲ. ರಸ್ತೆಯ ಮೇಲೆ ಸಾಬೂದಾಣಿಯಂಥ ಬಿಳಿ ಕಾಳು ಹಾರಾಡುತ್ತಿದ್ದರೆ ಅವು ಬಂದ ದಿಕ್ಕಿಗೆ ನಡೆದರೆ ಸಾಕು, ಎದುರಿಗೆ ಈರಣ್ಣ. ತಲೆಯ ಮೇಲೆ ಥರ್ಮಾಕೋಲ್, ಮೀಸೆಯಲ್ಲಿ ಥರ್ಮಾಕೋಲ್, ಕುಡಿಯಲು ಕೊಟ್ಟ ಚಹಾದಲ್ಲೂ ಒಂದೆರಡು ಕಾಳು ತೇಲುತ್ತಿದ್ದವು.

ಅವನು ಇಂಡಿ ತಾಲೂಕಿನವನು. ಪುಣೆಗೆ ಬಂದದ್ದು ಸೋದರಮಾವನ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯಲು. ಆದರೆ ತಕ್ಕಡಿ ಅವನ ಕೈಗೆ ಹತ್ತಲಿಲ್ಲ. ಗಿರಾಕಿಯ ಮುಖ ನೋಡಿ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದ. ಕೊನೆಗೆ ಮಾವ, "ನಿನಗ ತೂಕಾನ ಇಲ್ಲದ್ದು ಒಂದು ಧಂದೆ ನೋಡಬೇಕಪಾ" ಎಂದು ಥರ್ಮಾಕೋಲ್ ವ್ಯಾಪಾರಕ್ಕೆ ಹಚ್ಚಿದರು. ಗಣಪತಿ ಹಬ್ಬಕ್ಕೆ ಮನೆಮನೆಯ ಮಂಟಪ, ಲಗ್ನಕ್ಕೆ ವೇದಿಕೆಯ ಕಂಬ, ಹುಟ್ಟಿದ ಹಬ್ಬಕ್ಕೆ ಹೆಸರಿನ ಅಕ್ಷರ, ಎಲ್ಲವನ್ನೂ ಕಾಯಿಸಿದ ತಂತಿಯಿಂದ ಬೆಣ್ಣೆ ಕೊಯ್ದಂತೆ ಕೊಯ್ದುಕೊಡುತ್ತಿದ್ದ. ತೂಕದ ಕಾಟ ತಪ್ಪಿತೆಂದು ಅವನೂ ಮಾವನೂ ನಂಬಿದ್ದರು.

ಇಸವಿ ಎರಡು ಸಾವಿರದ ಮೂರರಲ್ಲಿ ನಮ್ಮ ಗಲ್ಲಿಯ ಗಣೇಶ ಮಂಡಳಿಯವರಿಗೆ ಗಣಪತಿಯನ್ನು ವಿಮಾನದಲ್ಲಿ ಕೂಡಿಸುವ ಹುಕಿ ಬಂತು. ಈರಣ್ಣ ಆಳೆತ್ತರ ಮೀರಿದ ವಿಮಾನ ಕಟ್ಟಿದ. ಸಾಲು ಕಿಟಕಿ, ರೆಕ್ಕೆಯ ಕೆಳಗೆ ಎರಡು ಎಂಜಿನ್, ಬಾಗಿಲಲ್ಲಿ ಕೈಮುಗಿದ ಗಗನಸಖಿ. ಹತ್ತು ದಿನ ಜನ ಸಾಲುಗಟ್ಟಿ ನೋಡಿದರು. ವಿಸರ್ಜನೆಯ ದಿನ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಶಿವರುದ್ರಪ್ಪನವರೂ ಬಂದು ನೋಡಿದರು.

ಶಿವರುದ್ರಪ್ಪನವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಒಮ್ಮೆ ದಿಲ್ಲಿಗೆ ವಿಮಾನದಲ್ಲಿ ಹೋಗಿಬಂದಿದ್ದರು. ಆಗ ಚೀಲಕ್ಕೆ ಕಟ್ಟಿದ್ದ ಚೀಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅದೇ ಚೀಲದಲ್ಲಿ ದಿನಾ ಕಾಯಿಪಲ್ಲೆ ತರುತ್ತಿದ್ದರು. ಮೆಂತೆ ಸೊಪ್ಪೂ ದಿಲ್ಲಿಯಿಂದ ಇಳಿದಂತೆ ಕಾಣುತ್ತಿತ್ತು.

"ಛಂದ ಮಾಡೀಯಪಾ ಈರಣ್ಣ," ಎಂದರು ಅವರು. "ಆದರ ನಾ ವಿಮಾನದಾಗ ಕುಂತಾಂವ. ನನಗ ಗೊತ್ತದ. ಕಾಣೂದು ಬ್ಯಾರೆ, ಹಾರೂದು ಬ್ಯಾರೆ."

ಊರೆಲ್ಲ ಹೊಗಳಿದ್ದು ಈರಣ್ಣನಿಗೆ ನೆನಪುಳಿಯಲಿಲ್ಲ. ಈ ಒಂದು ಮಾತು ಉಳಿಯಿತು.

ಮುಂದಿನ ಒಂದೆರಡು ವರ್ಷ ಅವನು ಹಾರುವುದನ್ನು ಕಲಿತ. ಭಾನುವಾರ ರೇಡಿಯೋ ವಿಮಾನ ಹಾರಿಸುವವರ ಮೈದಾನಕ್ಕೆ ಹೋಗಿ ದೂರ ನಿಂತು ನೋಡಿದ, ಆಮೇಲೆ ಹತ್ತಿರ ನಿಂತು ನೋಡಿದ, ಆಮೇಲೆ ಅವರಿಗೆ ಚಹಾ ತಂದುಕೊಟ್ಟು ರಿಮೋಟ್ ಹಿಡಿದ. ಸಣ್ಣ ವಿಮಾನಗಳನ್ನು ಕಟ್ಟಿ ಬೀಳಿಸಿದ. ಒಂದು ಬೇವಿನ ಗಿಡಕ್ಕೆ ಸಿಕ್ಕಿತು, ಒಂದು ಮದುವೆ ಮೆರವಣಿಗೆಯ ಬ್ಯಾಂಡಿನವರ ನಡುವೆ ಇಳಿಯಿತು. ಕೈ ಕೂತ ಮೇಲೆ ದೊಡ್ಡದಕ್ಕೆ ಕೈಹಾಕಿದ. ಮಂಡಳಿಯ ವಿಮಾನದಷ್ಟೇ ಉದ್ದ, ಆದರೆ ಒಳಗೆ ಬಿದಿರಿನ ಬೆನ್ನೆಲುಬು, ರೆಕ್ಕೆಗೆ ತೆಳು ಮರದ ಪಟ್ಟಿ, ಎಂಜಿನ್ ಡಬ್ಬಿಗಳಲ್ಲಿ ಮೋಟಾರು ಮತ್ತು ಪಂಖ, ಮೂತಿಯಲ್ಲಿ ಬ್ಯಾಟರಿ.

ಕಟ್ಟಿದ್ದು ಮನೆಯ ಪಡಸಾಲೆಯಲ್ಲಿ. ಆ ಪಡಸಾಲೆಯ ಜಂತಿಗೆ ತೊಟ್ಟಿಲು ತೂಗುಹಾಕುವ ಕೊಂಡಿ ಇತ್ತು. ಅವನ ಮಗಳು ರೇಣು ಆಡಿ ಬೆಳೆದ ಕೊಂಡಿ. ಈಗ ಅದಕ್ಕೆ ವಿಮಾನ ತೂಗುಬಿತ್ತು. ನಾನು ಎದುರು ಮನೆಯವನಾದ್ದರಿಂದ ಸಂಜೆ ಆಫೀಸಿನಿಂದ ಬಂದು ರೆಕ್ಕೆಯ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆ, ಮತ್ತು ಯಾರೂ ಕೇಳದಿದ್ದರೂ ಸಲಹೆ ಕೊಡುತ್ತಿದ್ದೆ.

"ಇದರಾಗ ಎಲ್ಲಾ ಗುಟ್ಟು ಇರೂದು ಒಂದ ಕಡೆ," ಎಂದು ಈರಣ್ಣ ನನಗೆ ತೋರಿಸಿದ. ರೆಕ್ಕೆಯ ಬುಡದಲ್ಲಿ ಕೆಂಪು ಗುರುತು ಹಾಕಿದ್ದ. ಹಗ್ಗವನ್ನು ಆ ಗುರುತಿಗೆ ಕಟ್ಟಿ ಕೊಂಡಿಗೆ ತೂಗಿದರೆ ವಿಮಾನ ನೆಟ್ಟಗೆ ನಿಂತು ಮೂತಿ ಒಂದಿಷ್ಟು ತಗ್ಗಬೇಕು. "ಮೂತಿ ಭಾರ ಇದ್ದದ್ದು ಕುಂಟಕೋತ ಆದ್ರೂ ಇಳೀತದ. ಬಾಲ ಭಾರ ಇದ್ದದ್ದು ಏರಿದ ಕೂಡ್ಲೆ ಹಿಂದಕ್ಕ ಮಗಚ್ತದ. ತಿರುಗಿ ಮನಿಗೆ ಬರೂದಿಲ್ಲ."

ತೂಕವಿಲ್ಲದ ಧಂದೆಗೆ ಬಂದವನು ಈಗ ಅಂಟಿನ ಹನಿಯನ್ನೂ ತೂಗಿ ಹಾಕುತ್ತಿದ್ದ. ಮಾವ ಬದುಕಿದ್ದರೆ ಕಣ್ಣೀರು ಹಾಕುತ್ತಿದ್ದರು.

ಅವನ ಹೆಂಡತಿ ಪಾರವ್ವನಿಗೆ ಈ ಹಾರುವ ಹುಚ್ಚು ಹಿಡಿಸಿರಲಿಲ್ಲ. ಆದರೂ ದಿನಾ ಅದರ ಧೂಳು ಒರೆಸುವವಳು ಅವಳೇ. ಬಿಸಿಲು ಬಿದ್ದೀತೆಂದು ತನ್ನ ಹಳೆಯ ಇಳಕಲ್ ಸೀರೆ ಹೊದಿಸುವವಳೂ ಅವಳೇ.

"ಲಗ್ನಕ್ಕ ಬಂದ ಹುಡುಗಿ ಮನ್ಯಾಗ ಇದ್ದಂಗ ಆಗ್ಯದ್ರಿ ಅಣ್ಣಾರ," ಎಂದು ನನಗೆ ದೂರುತ್ತಿದ್ದಳು. "ಕೀಲಿ ಹಾಕಿ ಎಲ್ಲಿಗೂ ಹೋಗೂ ಹಂಗಿಲ್ಲ. ಬಂದವರೆಲ್ಲಾ ಅದನ್ನ ನೋಡಿ, ಇನ್ನೂ ಯಾಕ ಕಳಿಸಿಲ್ಲ ಅಂತ ಕೇಳೂದು."

ಕಳಿಸುವ ವಿಷಯದಲ್ಲಿ ಪಾರವ್ವನ ಶಾಸ್ತ್ರ ಕಟ್ಟುನಿಟ್ಟು. ರೇಣುವನ್ನು ದೌಂಡದ ರೈಲ್ವೆಯವನಿಗೆ ಕೊಟ್ಟಿದ್ದರು. ಅವಳು ತಿಂಗಳಿಗೊಮ್ಮೆ ಬಂದು ಹೋಗುವಾಗಲೂ ಪಾರವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಪ್ಪಸದ ಬಟ್ಟೆಯ ಕಣ ಇಟ್ಟು ಮಡಿಲಿಗೆ ಉಡಿ ತುಂಬಿಯೇ ಕಳಿಸಬೇಕು. "ಅವ್ವಾ, ದೌಂಡ ಏನ್ ದಿಲ್ಲಿ ಏನು? ರೈಲಿನ್ಯಾಗ ಮಂದಿ ನಗ್ತಾರ" ಎಂದು ಮಗಳು ಅಂದರೆ, "ನಗಲಿ. ಬರೇ ಉಡೀಲೆ ಹೆಣ್ಣಮಕ್ಕಳು ಹೊಸ್ತಿಲ ದಾಟಬಾರದು" ಎನ್ನುತ್ತಿದ್ದಳು.

ಎರಡು ಸಾವಿರದ ಏಳರ ಶ್ರಾವಣದಲ್ಲಿ ಶಿರೂರಿನ ಒಂದು ಪಾರ್ಟಿ ಬಂತು. ದೀಪಾವಳಿಯ ನಂತರ ಮಗನ ಲಗ್ನ. ಮದುಮಕ್ಕಳನ್ನು ವಿಮಾನದಲ್ಲೇ ಕೂಡಿಸಬೇಕು, ಇದೇ ವಿಮಾನ ಬೇಕು, ಹೊಟ್ಟೆ ಕೊಯ್ದು ಎರಡು ಕುರ್ಚಿ ಇಟ್ಟರಾಯಿತು ಎಂದರು. ಈರಣ್ಣ ಬಾಯಿ ತೆರೆಯುವ ಮೊದಲೇ ಪಾರವ್ವ ಮಾತಾಡಿದಳು.

"ದಸರಾದ ತನಕ ನಿಮಗ ಬಿಡ್ತೀನ್ರಿ," ಎಂದಳು ಗಂಡನಿಗೆ. "ಅಷ್ಟರಾಗ ಹಾರಿತು, ಕೊಂಡಿಗೇ ಇರಲಿ, ನಾ ಬಾಯಿ ಬಿಚ್ಚೂದಿಲ್ಲ. ಹಾರಲಿಲ್ಲ, ಶಿರೂರಿಗೆ ಹೋಗ್ತದ."

"ಹೊಟ್ಟಿ ಕೊಯ್ತಾರಲ್ಲ ಪಾರೂ!"

"ನಾಕು ವರ್ಷ ಆತು, ನನ್ನ ಹೊಟ್ಟಿ ಕೊಯ್ಯಾಕ ಹತ್ತೇದ. ಅದನ್ಯಾರು ಕೇಳ್ಯಾರ?"

ಈರಣ್ಣ ಒಪ್ಪಿದ. ಈಗ ಅವನಿಗೆ ಬೇಕಾದದ್ದು ನೆಟ್ಟಗಿನ, ಖಾಲಿ ರಸ್ತೆ. ಪುಣೆಯಲ್ಲಿ ಖಾಲಿ ರಸ್ತೆ ಹುಡುಕುವುದು ಎಂದರೆ ಗೊತ್ತಲ್ಲ. ಅದು ಸಿಕ್ಕಿದ್ದು ಶಿವರುದ್ರಪ್ಪನವರಿಂದ. ಅವರ ಭಾವಮೈದುನ ಶಿರೂರು ರಸ್ತೆಯ ಆಚೆ ಪ್ಲಾಟು ಹಾಕಿ, ನಡುವೆ ಅಗಲವಾದ ಡಾಂಬರು ರಸ್ತೆ ಮಾಡಿ, ಕಮಾನು ಕಟ್ಟಿ ಕೂತಿದ್ದ. ಕಮಾನಿನ ಮೇಲೆ ನಂದನವನ ಎಂದಿತ್ತು. ಒಳಗೆ ಒಂದು ಮನೆಯೂ ಇರಲಿಲ್ಲ. ಇದ್ದದ್ದು ಮಾರ್ತಾಂಡ ಎಂಬ ಮರಾಠಿ ಕಾವಲುಗಾರ ಮತ್ತು ಅವನ ಆಡು.

ಒಂದು ಭಾನುವಾರ ಅಲ್ಲಿ ಓಡಿಸಿ ನೋಡಿದೆವು. ನನ್ನ ಕೆಲಸ ಕೈವಸ್ತ್ರ ಎತ್ತಿಹಿಡಿದು ಗಾಳಿಯ ದಿಕ್ಕು ಹೇಳುವುದು. ಹವಾಮಾನ ಖಾತೆ ನನ್ನ ಪಾಲಿಗೆ ಬಂದಿತ್ತು. ವಿಮಾನ ಗುಂಯ್ಗುಟ್ಟಿ ಓಡಿತು, ಗೇಣಷ್ಟು ಮೇಲೆದ್ದಿತು, ಮತ್ತೆ ಮೆಲ್ಲಗೆ ಕೂತಿತು. ಆಡು ಹಗ್ಗ ಕಿತ್ತುಕೊಂಡು ಓಡಿತು. ಗೇಣಷ್ಟು ಎದ್ದದ್ದನ್ನು ಪಾರವ್ವ ಹಾರಿದ್ದು ಎಂದು ಒಪ್ಪಲಿಲ್ಲ. "ಕೋಳೀನೂ ಅಷ್ಟ ಹಾರ್ತದ" ಎಂದಳು. ಆದರೆ ಶಿವರುದ್ರಪ್ಪನವರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವರು ವಿಮಾನವನ್ನು "ನಮ್ಮ ವಿಮಾನ" ಎನ್ನತೊಡಗಿದರು. ದಸರೆಯ ದಿನ ಬಳಗದ ಎಲ್ಲರನ್ನೂ ಕರೆದರು, ಪೂರಿ ಭಾಜಿ ಹೇಳಿದರು, ಉದ್ಘಾಟಕರಾಗಿ ತಮ್ಮನ್ನೇ ಆರಿಸಿಕೊಂಡರು.

ಅಷ್ಟಮಿಯ ಸಂಜೆ ಈರಣ್ಣ ವಿಮಾನವನ್ನು ಕೊನೆಯ ಸಲ ಕೊಂಡಿಗೆ ತೂಗಿದ. ನೆಟ್ಟಗೆ ನಿಂತು, ಹಿರಿಯರಿಗೆ ನಮಸ್ಕಾರ ಮಾಡುವ ಸೊಸೆಯಂತೆ ಮೂತಿ ಒಂದಿಷ್ಟು ತಗ್ಗಿಸಿತು. ಬ್ಯಾಟರಿಯ ತಳಕ್ಕೆ ಅಂಟು ಹಾಕಿ, ಒಣಗಲಿ ಎಂದು ಮೂತಿಯ ಮುಚ್ಚಳ ತೆಗೆದಿಟ್ಟು, ನಾವಿಬ್ಬರೂ ಟೆಂಪೋ ಗೊತ್ತು ಮಾಡಲು ಹೋದೆವು. ಮರುದಿನ ಖಂಡೇನವಮಿ, ಹತಾರಗಳ ಪೂಜೆ. ಬೆಳಕು ಹರಿಯುವ ಮೊದಲೇ ಎದ್ದು, ಕತ್ತಲಲ್ಲೇ ಮುಚ್ಚಳ ಹಾಕಿ ಸ್ಕ್ರೂ ಬಿಗಿದ. ಪಾರವ್ವ ಪಕ್ಕದಲ್ಲೇ ನಿಂತಿದ್ದಳು. ಕೊನೆಯ ಸ್ಕ್ರೂ ಬಿಗಿದದ್ದೇ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡಳು. ತಂತಿಯ ಕಟರು, ಇಕ್ಕಳ, ಕರಗಸ, ಎಲ್ಲ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಕೊಂಡು, ಚೆಂಡುಹೂ ಮುಡಿದು ಪೂಜೆಗೆ ಕೂತವು. ದಸರೆಯ ಮರುದಿನದವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಇದು ಒಬ್ಬರ ಮನೆಯ ಪದ್ಧತಿ ಅಲ್ಲ. ಅಂದು ಬಿಬವೇವಾಡಿಯ ಎಲ್ಲ ಗ್ಯಾರೇಜುಗಳಲ್ಲೂ ಪಾನೆ, ಇಕ್ಕಳಗಳು ವಿಶ್ರಾಂತಿಯಲ್ಲಿದ್ದವು.

ದಸರೆಯ ದಿನ ನಂದನವನ ತುಂಬಿತು. ಸ್ಕೂಟರು, ಮೋಟರ್ ಸೈಕಲ್ಲು, ಹಾರ ಹಾಕಿದ ಎರಡು ಕಾರು. ಈರಣ್ಣ ಟೆಂಪೋದಿಂದ ವಿಮಾನ ಇಳಿಸಿ, ಕೈಯಲ್ಲೇ ತಿರುಗಿಸುವ ನಟ್ಟುಗಳಿಂದ ರೆಕ್ಕೆ ಜೋಡಿಸಿದ.

ಇದು ನಿಜಕ್ಕೂ ಹಾರುತ್ತದೆಯೇ ಎಂಬ ಅನುಮಾನದಿಂದ ಮಾರ್ತಾಂಡ ಸುತ್ತು ಹಾಕಿ ನೋಡಿದ. "ಶೇಠ್, ಹೇ ಖರಂಚ ಉಡ್ಣಾರ ಕಾ?"

"ಉಡ್ಣಾರ, ಉಡ್ಣಾರ," ಎಂದ ಈರಣ್ಣ.

"ಮಗ ಮಾಝೀ ಶೇಳೀ ಬಾಂಧತೋ," ಎಂದು ಮಾರ್ತಾಂಡ ಆಡನ್ನು ಗಟ್ಟಿಯಾಗಿ ಕಟ್ಟಲು ಹೋದ.

ಆಗ ಶಿವರುದ್ರಪ್ಪನವರು ದಿಲ್ಲಿಯ ಚೀಟಿಯ ಚೀಲದಿಂದ ರೇಶ್ಮೆ ಬಟ್ಟೆ ಸುತ್ತಿದ ಏನನ್ನೋ ತೆಗೆದರು. ಎರಡು ದಪ್ಪ ಫಲಕ. ಅವುಗಳ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಬಳಗದ ಹೆಸರು, ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಕೆಳಗೆ ಮತ್ತೊಮ್ಮೆ ಉದ್ಘಾಟಕರು. ನಾವು ನೋಡನೋಡುತ್ತಿದ್ದಂತೆ ಒಂದನ್ನು ಬಾಲದ ಈ ಕಡೆ, ಒಂದನ್ನು ಆ ಕಡೆ, ಎರಡೂ ಬದಿ ಅಂಟುವ ಪಟ್ಟಿಯಿಂದ ಒತ್ತಿ ಕೂಡಿಸಿಬಿಟ್ಟರು. ಪಟ್ಟಿಯ ಸುರುಳಿ ಪೂರಾ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು.

ಈರಣ್ಣನ ಮುಖ ಥರ್ಮಾಕೋಲಿನ ಬಣ್ಣಕ್ಕೆ ತಿರುಗಿತು. ನನ್ನನ್ನು ಪಕ್ಕಕ್ಕೆ ಎಳೆದ.

"ಬಾಲ ಭಾರ ಆತ್ರಿ ಅಣ್ಣಾರ."

"ಕಿತ್ತುಬಿಡು."

"ಕಿತ್ತರ ಬಾಲಾನ ಬರ್ತದ. ಆ ಪಟ್ಟಿ ಅಂಥಾದ್ದು. ಮೂತ್ಯಾಗ ಒಂದಿಷ್ಟು ಭಾರ ಹಾಕಬೇಕು, ಮುಚ್ಚಳ ತಗೀಬೇಕು. ಒಂದು ಸ್ಕ್ರೂಡ್ರೈವರ್ ಹುಡಕ್ರಿ, ಲಗೂನ."

ನಾನು ಹುಡುಕಿದೆ. ಅಷ್ಟು ಜನ, ಅಷ್ಟು ಗಾಡಿ, ಒಂದು ಸ್ಕ್ರೂಡ್ರೈವರ್ ಸಿಗಲಿಲ್ಲ. ಇದ್ದವರು ಮನೆಯ ಜಗಲಿಯ ಮೇಲೆ ಬಿಟ್ಟು ಬಂದಿದ್ದರು. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ ಒಬ್ಬರು ಅದರ ಮೇಲಿನ ಕುಂಕುಮ ತೋರಿಸಿ, "ನಿನ್ನೆ ಪೂಜಾ ಆಗ್ಯದ್ರಿ, ಇವತ್ತ ಹೆಂಗ ಮುಟ್ಟೂದು? ಗಾಡಿ ಬ್ರೇಕ್ ಹೋದರ ನೀವು ಬರ್ತೀರೇನು?" ಎಂದು ಡಿಕ್ಕಿ ಮುಚ್ಚಿದರು. ಮಾರ್ತಾಂಡನನ್ನು ಕೇಳಿದರೆ, "ಪೂಜೇಲಾ ಠೇವಲಂಯ ಸಾಹೇಬ" ಎಂದು ತನ್ನ ಕೋಣೆಯ ಮೂಲೆಗೆ ಕೈಮುಗಿದ. ನಾನೇ ಎಂಟಾಣೆ ನಾಣ್ಯ ಹಚ್ಚಿ ತಿರುಗಿಸಲು ನೋಡಿದೆ. ಸ್ಕ್ರೂವಿನ ತಲೆಯ ಮೇಲೆ ಇದ್ದದ್ದು ಅಧಿಕ ಚಿಹ್ನೆ. ನಾಣ್ಯ ಜಾರಿ ನನ್ನ ಉಗುರು ಕಿತ್ತಿತು.

ಈರಣ್ಣ ಅಧ್ಯಕ್ಷರ ಬಳಿ ಹೋದ. "ಸಾಹೇಬ್ರ, ಇವತ್ತ ಗಾಳಿ ಸರಿ ಇಲ್ಲ. ನಾಡಿದ್ದ ಹಾರಸೂಣ್ರಿ."

ಗಾಳಿಯ ಖಾತೆ ನನ್ನದು. ನನ್ನ ಕೈವಸ್ತ್ರ ಅಲುಗದೆ ನೇತಾಡುತ್ತಿತ್ತು.

"ನಾಡಿದ್ದ?" ಎಂದರು ಶಿವರುದ್ರಪ್ಪನವರು. "ದಸರಾ ಅಂದ್ರ ವರ್ಷದ ಮೂರೂವರಿ ಶುಭ ಮುಹೂರ್ತದಾಗ ಒಂದು. ಇವತ್ತ ಊರ ಸೀಮೆ ದಾಟಬೇಕು. ಮತ್ತ ಪೂರಿ ಕರದ ಆಗ್ಯಾವ."

ನಿಮ್ಮ ಹೆಸರು ಭಾರವಾಯಿತು ಎಂದು ಅಧ್ಯಕ್ಷರ ಮುಖಕ್ಕೆ ಹೇಳುವ ಗಂಡಸು ನಮ್ಮ ಬಳಗದಲ್ಲಿ ಇನ್ನೂ ಹುಟ್ಟಿರಲಿಲ್ಲ. ಈರಣ್ಣ ಪಾರವ್ವನ ಕಡೆ ನೋಡಿದ. ಅವಳು ಹೆಂಗಸರ ಸಾಲಿನಲ್ಲಿ, ಹಳೆಯ ಇಳಕಲ್ ಸೀರೆಯನ್ನು ಮಡಿಚಿ ಎದೆಗೆ ಅವುಚಿಕೊಂಡು ನಿಂತಿದ್ದಳು. ಮಗಳನ್ನು ರೈಲು ಹತ್ತಿಸಲು ಬಂದವಳಂತೆ ಕಂಡಳು. ಗಂಡನ ಕಡೆ ನೋಡಲಿಲ್ಲ, ವಿಮಾನವನ್ನೇ ನೋಡುತ್ತಿದ್ದಳು.

ಭಾಷಣವಾಯಿತು. ಪುಷ್ಪಕ ವಿಮಾನದಿಂದ ಶುರುವಾಗಿ ದಿಲ್ಲಿಯ ಪ್ರಯಾಣದ ಮೂಲಕ ಕನ್ನಡಿಗರ ಸಾಧನೆಗೆ ಬರುವ ಹೊತ್ತಿಗೆ ಪೂರಿಗಳು ತಣ್ಣಗಾಗಿದ್ದವು. ರಿಬ್ಬನ್ ಕತ್ತರಿಸಲು ಕತ್ತರಿಯೂ ಇರಲಿಲ್ಲ. ಅದೂ ಪೂಜೆಯಲ್ಲಿತ್ತು. ಅಧ್ಯಕ್ಷರು ಹಲ್ಲಿನಿಂದ ಕಡಿದು ಉದ್ಘಾಟಿಸಿದರು.

ಈರಣ್ಣ ರಿಮೋಟ್ ಹಿಡಿದ. "ಹೋದರ ಹೋಗಲಿ," ಎಂದು ನನಗಷ್ಟೇ ಕೇಳುವಂತೆ ಅಂದ. "ಕೊಯ್ಸಿಕೊಂಡು ಸಾಯೂದಕ್ಕಿಂತ ಹಾರಿ ಸಾಯಲಿ."

ಮೋಟಾರು ಗುಂಯ್ ಎಂದವು. ವಿಮಾನ ಓಡಿತು. ನಾನು ಬಾಲವನ್ನೇ ನೋಡುತ್ತಿದ್ದೆ. ಹಿತ್ತಾಳೆಯ ಅಕ್ಷರಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮುಂದಿನ ಗಾಲಿ ಎದ್ದಿತು. ಹಿಂದಿನ ಗಾಲಿ ಎದ್ದವು. ಈಗ ಮಗುಚುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ವಿಮಾನ ಕಮಾನಿನ ಮೇಲೆ ಹೋಗುತ್ತಿತ್ತು. ನೆಟ್ಟಗೆ, ಅಲುಗಾಡದೆ, ಯಾರೋ ಮೇಲಿಂದ ದಾರ ಹಿಡಿದಂತೆ. ದೊಡ್ಡ ಸುತ್ತು ತಿರುಗಿ ನಮ್ಮ ತಲೆಯ ಮೇಲೆ ಬಂದಾಗ ಕಿಟಕಿಗಳ ಸಾಲು ಕಂಡಿತು. ಬಳಗದ ಜನ ನಿಜವಾದ ವಿಮಾನಕ್ಕೆ ಮಾಡುವಂತೆ ಕೈ ಬೀಸಿದರು. ಶಿವರುದ್ರಪ್ಪನವರ ಬಾಯಲ್ಲಿ ಅರ್ಧ ಪೂರಿ ಇತ್ತು. ಅದನ್ನು ಅಗಿಯುವುದು ಮರೆತಿದ್ದರು.

"ಹೆಂಗ ಹಾರಾಕ ಹತ್ತೇದ ಇದು?" ಎಂದು ಈರಣ್ಣ ಪಿಸುಗುಟ್ಟಿದ. ಇಡೀ ನಂದನವನದಲ್ಲಿ ಹೆದರಿದವನು ಅವನೊಬ್ಬನೇ. "ಹಾರಬಾರದಿತ್ತು ಇದು!"

ಇಳಿಯುವಾಗ ಡಾಂಬರು ಮುಗಿದರೂ ಓಟ ಮುಗಿಯಲಿಲ್ಲ. ಪಕ್ಕದ ಚೆಂಡುಹೂವಿನ ಹೊಲಕ್ಕೆ ನುಗ್ಗಿ, ಒಂದು ಗಾಲಿ ಕಳೆದುಕೊಂಡು, ಮೂತಿಯ ತುಂಬ ಹೂ ಮುಡಿದು ನಿಂತಿತು. ಎಲ್ಲರೂ ಓಡಿದೆವು. ಎಲ್ಲರಿಗಿಂತ ಮುಂದೆ ಓಡಿದವಳು ಪಾರವ್ವ. ಹೋಗಿ ಸೀರೆ ಹೊದಿಸಿಬಿಟ್ಟಳು.

ಆಮೇಲೆ ಬನ್ನಿ ಹಂಚಿದೆವು. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಒಬ್ಬರಿಗೊಬ್ಬರು ಎಲೆ ಕೊಟ್ಟು ಅಪ್ಪಿಕೊಂಡೆವು. ಶಿವರುದ್ರಪ್ಪನವರು ಎರಡನೆಯ ಭಾಷಣದಲ್ಲಿ, ಪದಾಧಿಕಾರಿಗಳ ಬೆಂಬಲವಿಲ್ಲದೆ ಇದು ಸಾಧ್ಯವಿರಲಿಲ್ಲ ಎಂದರು. ಈರಣ್ಣ ನನ್ನ ಕಡೆ ನೋಡಿ ಕೆಮ್ಮಿದ.

ಮರುದಿನ ಬೆಳಿಗ್ಗೆ ಪೂಜೆಯಿಂದ ಹತಾರಗಳು ಎದ್ದವು. ಈರಣ್ಣ ರಾತ್ರಿಯಿಡೀ ಲೆಕ್ಕ ಹಾಕಿ ಕಣ್ಣು ಕೆಂಪಾಗಿದ್ದ. ಮೊದಲು ಮಾಡಿದ ಕೆಲಸ ಮೂತಿಯ ಮುಚ್ಚಳ ಬಿಚ್ಚಿದ್ದು.

ಒಳಗೆ ಬ್ಯಾಟರಿಯ ಮುಂದೆ ಹಸಿರು ಕುಪ್ಪಸದ ಕಣದಲ್ಲಿ ಗಂಟು ಕಟ್ಟಿದ ಅಕ್ಕಿ. ಬಿಚ್ಚಿದರೆ ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಅಡಿಕೆ.

ಈರಣ್ಣ ಗಂಟು ಹಿಡಿದು ಅಡಿಗೆಮನೆಗೆ ಹೋಗಿ ಕೂತ. ಪಾರವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಲೇ ಇದ್ದಳು.

"ಯಾವಾಗ ಇಟ್ಟಿ?"

"ಅಷ್ಟಮಿ ದಿನ. ನೀವು ಟೆಂಪೋ ನೋಡಾಕ ಹೋಗಿದ್ರಲ್ಲ."

"ಯಾಕ?"

ರೊಟ್ಟಿಯ ಸಪ್ಪಳ ನಿಂತಿತು. "ಹಾರೂದಿಲ್ಲ ಅಂತ ತಿಳದಿದ್ದೆ. ಅಲ್ಲಿಂದನ ಶಿರೂರಿಗೆ ಹೋಗ್ತದ ಅನಿಸ್ತು. ಎರಡು ವರ್ಷ ಮನ್ಯಾಗ ಬೆಳದದ್ದು. ಬರೇ ಉಡೀಲೆ ಹೆಂಗ ಕಳಸಬೇಕ್ರಿ?"

ಈರಣ್ಣ ಗಂಟನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಎದ್ದು ಹೋಗಿ ವಿಮಾನವನ್ನು ಕೊಂಡಿಗೆ ತೂಗಿದ. ಗಂಟಿಲ್ಲದೆ ಬಾಲ ಧೊಪ್ಪನೆ ನೆಲಕ್ಕೆ ಹೋಯಿತು. ಗಂಟು ಇಟ್ಟ. ನೆಟ್ಟಗೆ ನಿಂತು ಮೂತಿ ಒಂದಿಷ್ಟು ತಗ್ಗಿಸಿತು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಉದ್ಘಾಟಕರು, ಎಲ್ಲರೂ ಸೇರಿ ಒಂದು ಉಡಿಯಕ್ಕಿಗೆ ಸಮ.

"ಹಂಗಾದರ ನೀ ಸೋತಿ," ಎಂದ ಈರಣ್ಣ. "ಇನ್ನ ಕೊಂಡಿಗೇ ಇರ್ತದ."

"ಹಾರಿಸಿದಾಕಿ ನಾನು. ನಾ ಹೆಂಗ ಸೋಲ್ತೀನಿ?" ಎಂದು ಪಾರವ್ವ ರೊಟ್ಟಿ ತಿರುವಿ ಹಾಕಿದಳು. "ಇರಲಿ ಬಿಡ್ರಿ. ಶಿರೂರಿನವರಿಗೆ ಒಂದು ನವಿಲ ಮಾಡಿಕೊಡ್ರಿ."

ನವಿಲಿನ ಬೆನ್ನ ಮೇಲೆ ಕೂತು ಆ ಮದುಮಕ್ಕಳು ಲಗ್ನವಾದರು. ವಿಮಾನ ಪಡಸಾಲೆಯಲ್ಲೇ ಉಳಿಯಿತು. ಪ್ರತಿ ದಸರೆಗೆ ಸೀಮೆ ದಾಟಿ, ಉಡಿ ತುಂಬಿಸಿಕೊಂಡು ಹೋಗಿ ಬರುತ್ತಿತ್ತು. ಫಲಕ ತೆಗೆದರೆ ಉಡಿ ತೆಗೆಯಬೇಕು, ಉಡಿ ತೆಗೆಯಲು ಪಾರವ್ವ ಬಿಡುವುದಿಲ್ಲ; ಹೀಗಾಗಿ ಎರಡೂ ಖಾಯಂ ಆದವು. ಶಿವರುದ್ರಪ್ಪನವರಿಗೆ ಈ ಲೆಕ್ಕ ಇಂದಿಗೂ ಗೊತ್ತಿಲ್ಲ.

ಎರಡು ವರ್ಷದ ನಂತರ ಬಳಗದ ಚುನಾವಣೆ ಆಯಿತು. ತಾಯಪ್ಪನವರು ಅಧ್ಯಕ್ಷರಾದರು. ಹೆಸರು ಸಣ್ಣದು, ಆದರೆ ಹೆಸರಿನ ಹಿಂದೆ ಮುಂದೆ ಬಿರುದುಗಳು ಬಹಳ. ಹೊಸ ಫಲಕ ಮಾಡಿಸಿ, ಹಳೆಯದರ ಮೇಲೆಯೇ ಅಂಟಿಸಲು ಕಳಿಸಿದರು. ಅಂದು ಸಂಜೆ ನಾನು ಚಹಾಕ್ಕೆ ಹೋದಾಗ ವಿಮಾನ ಕೊಂಡಿಯಲ್ಲಿ ಬಾಲ ತಗ್ಗಿಸಿ ತೂಗುತ್ತಿತ್ತು. ಪಾರವ್ವ ಮೊರದಲ್ಲಿ ಅಕ್ಕಿ ಹಿಡಿದು ಮೂತಿಯ ಬಳಿ ನಿಂತಿದ್ದಳು, ಈರಣ್ಣ ಒಂದು ಕಣ್ಣು ಮುಚ್ಚಿ ಬಾಲ ನೋಡುತ್ತಿದ್ದ.

"ಸಾಕೇನ್ರಿ?"

"ಇಲ್ಲ, ಹೊಸಬರು ಇನ್ನೂ ಭಾರ ಅದಾರ. ಮತ್ತೊಂದು ಹಿಡಿ ಹಾಕು."